ಹೆದ್ದಾರಿಯ ಸಂಗಮಗಳೂ ಅಡ್ಡದಾರಿಯ ರೈತನೂ

ಪುಣೆ-ಬೆಂಗಳೂರು ಹೆದ್ದಾರಿಯನ್ನು ಆರು ಪಥಗಳಿಗೆ ಅಗಲಿಸುವ ಕೆಲಸವು ನಮ್ಮ ಜಿಲ್ಲೆಯ ಉತ್ತರಭಾಗದಲ್ಲಿ ಕೈಗೊಳ್ಳಲ್ಪಟ್ಟ ಸಂಗತಿಯು ವಾಚಕರಿಗೆ ತಿಳಿದದ್ದೇ ಇದೆ. ಮೊದಲು ನಾಲ್ಕನೆಯ ನಂಬರಿನದೆಂದು ಕರೆಯಲ್ಪಡುತ್ತಿದ್ದು, ೨೦೧೦ರಲ್ಲಿ ೪೮ ಎಂಬ ಹೊಸ ಸಂಖ್ಯೆಯನ್ನು ಪಡೆದ ಈ ಮಾರ್ಗವು ಬೆಳಗಾವಿಯಿಂದ ಮಹಾರಾಷ್ಟ್ರದ ಗಡಿಯವರೆಗೆ ಸುಮಾರು ೭೭ ಕಿಲೋಮೀಟರು ಉದ್ದವಿದ್ದು, ಈ ಶತಮಾನದ ಆರಂಭದಲ್ಲಿ ಸುವರ್ಣ ಚತುಷ್ಕೋನ ಯೋಜನೆಯ ಅಂಗವಾಗಿ ನಾಲ್ಕು ಪಥಗಳಾಯಿತು. ಈಗ ಅದು ಆರಾಗುವದು. ರಸ್ತೆಯು ಎಷ್ಟು ಅಗಲವಾಗಬೇಕೆಂಬ ಪ್ರಶ್ನೆಯು ಹೀಗೆ ತೀರಿಹೋಗಿದೆ. ತೀರದೆ ಉಳಿದ ಪ್ರಶ್ನೆಯು ಬೇರೆ. ಈ ಪ್ರವಾಹವನ್ನು ಪೂರ್ವಪಶ್ಚಿಮವಾಗಿ ಹಾಯತಕ್ಕ ನಮ್ಮ ಊರುಗಳ ದಾರಿಗಳನ್ನು ಅದರೊಡನೆ ಯಾವ ರೀತಿಯಿಂದ ಕೂಡಿಸಬೇಕು, ಯಾರನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ಯಾರ ಹೊಲವನ್ನು ಎಷ್ಟು ನುಂಗಬೇಕು ಎಂಬುದೇ ಆ ಪ್ರಶ್ನೆಯು. ಇದನ್ನು ಇಂಜಿನಿಯರರ ಕೋಣೆಯ ವಿಷಯವೆಂದು ಬಿಟ್ಟುಬಿಡುವದು ನಮ್ಮ ಮಟ್ಟಿಗೆ ಉಚಿತವಾಗಿ ತೋರುವದಿಲ್ಲ. ಅದೇಕೆಂದರೆ ಒಮ್ಮೆ ಕಟ್ಟಿದ ಸೇತುವೆಯು ಎರಡು ತಲೆಮಾರು ಅಲುಗುವದಿಲ್ಲ; ನಕಾಶೆಯ ಮೇಲಿನ ಗೆರೆಯನ್ನಾದರೋ ಇಂದು ರಬ್ಬರಿನಿಂದ ಅಳಿಸಬಹುದು.

ಎರಡು ರಸ್ತೆಗಳು ಬೇರೆ ಬೇರೆ ಎತ್ತರದಲ್ಲಿ ಹಾಯ್ದು, ಏರಿಳಿಯುವ ಕೂಡುದಾರಿಗಳಿಂದ ಒಂದರಿಂದೊಂದಕ್ಕೆ ಹೋಗಲು ಬರುವಂಥ ರಚನೆಗೆ ಇಂಟರ್‌ಚೇಂಜೆಂದು ಹೆಸರು. ನಾವು ಈ ಲೇಖದಲ್ಲಿ ಅದನ್ನು ಸಂಗಮವೆಂದೇ ಕರೆಯುವೆವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಸೀಮೆಯವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ.

ನಿಪ್ಪಾಣಿಯಲ್ಲಿ ಈ ಹೆದ್ದಾರಿಯನ್ನು ಮುಧೋಳದ ರಸ್ತೆಯು ಕೂಡುತ್ತದೆ. ಸಂಕೇಶ್ವರದ ಸಮೀಪದಲ್ಲಿ ವಿಜಯಪುರ, ಅಥಣಿ, ಚಿಕ್ಕೋಡಿಗಳ ಕಡೆಯಿಂದ ಬರುವ ೫೪೮-ಬಿ ಹೆದ್ದಾರಿಯೂ, ಆಜರೆ ಅಂಬೋಲಿಗಳ ಮೇಲೆ ಬಾಂದೆಗೆ ಇಳಿಯುವ ೫೪೮-ಎಚ್ ಹೆದ್ದಾರಿಯೂ ಕೂಡುತ್ತವೆ. ಇವುಗಳ ನಡುನಡುವೆ ಹಳ್ಳಿಹಳ್ಳಿಯ ದಾರಿಗಳುಂಟು. ಇವುಗಳ ಮೇಲೆ ಸಾಗತಕ್ಕ ಸಂಚಾರವು ಯಾವುದು? ದೂರಪ್ರಯಾಣದ ಮೋಟಾರು ಮತ್ತು ಲಾರಿಗಳಿಗೆ ನಾವು ವಿರೋಧಿಗಳಲ್ಲ. ಆದರೆ ನವ್ಹೆಂಬರದಿಂದ ಮಾರ್ಚಿಯವರೆಗೆ ಈ ಐದು ತಾಲೂಕುಗಳ ದಾರಿಗಳಿಗೆ ನಿಜವಾದ ಒಡೆಯನು ಕಬ್ಬಿನ ಟ್ರ್ಯಾಕ್ಟರು. ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರಖಾನೆಗಳಿಗೂ, ಕಾಗವಾಡ ತಾಲೂಕಿನ ಉಗಾರದ ಹಳೆಯ ಕಾರಖಾನೆಗೂ, ಇನ್ನೂ ಅನೇಕ ಗಾಣಗಳಿಗೂ ಹಗಲಿರುಳು ಕಬ್ಬು ಸಾಗುತ್ತಲೇ ಇರುತ್ತದೆ. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರಾಲಿ, ಗಾಲಿಯ ಅಂಚನ್ನು ಮೀರಿ ಚಾಚಿದ ಹೊರೆ, ಗಂಟೆಗೆ ಹದಿನೈದು ಕಿಲೋಮೀಟರಿನ ನಡೆ. ಇದನ್ನು ಮರೆತು ಬರೆದ ನಕಾಶೆಯು ಯಾವ ದೇಶಕ್ಕೆ ಸರಿಹೋದರೂ ನಮ್ಮ ದೇಶಕ್ಕೆ ಸರಿಹೋಗಲಾರದು.

ಸಂಗಮಗಳ ಗುಣದೋಷಗಳನ್ನು ಅಳೆಯಲು ಬಲ್ಲವರು ಬಳಸುವ ಮುಖ್ಯವಾದ ಮಾನವು ವಿಳಂಬ, ಎಂದರೆ ಒಂದು ಗಾಡಿಯು ಅಡ್ಡಿಯಿಲ್ಲದೆ ಹೋಗಿದ್ದರೆ ಹಿಡಿಯುತ್ತಿದ್ದ ಹೊತ್ತಿಗಿಂತ ಹೆಚ್ಚಾಗಿ ಹಿಡಿದ ಹೊತ್ತು. ರಾಯಬಾಗದ ಕಡೆಯಲ್ಲಿ ರೇಲ್ವೆ ಗೇಟಿನ ಮುಂದೆ ನಿಂತವರಿಗೆಲ್ಲ ಇದರ ಅರ್ಥವು ಅನುಭವಸಿದ್ಧವಾಗಿದೆ. ಎಲ್ಲ ಗಾಡಿಗಳ ವಿಳಂಬವನ್ನು ಕೂಡಿಸಿ, ಗಾಡಿಗಳ ಸಂಖ್ಯೆಯಿಂದ ಭಾಗಿಸಿ, ಇಂತಿಷ್ಟು ಸೆಕೆಂಡು ಎಂದು ಸರಾಸರಿಯನ್ನು ಹೇಳುವದು ವಾಡಿಕೆಯು. ಇಲ್ಲಿಯೇ ನಮ್ಮ ಮೊದಲನೆಯ ಆಕ್ಷೇಪವಿದೆ. ಹೆದ್ದಾರಿಯ ಮೇಲೆ ಗಂಟೆಗೆ ಎರಡು ಸಾವಿರ ಗಾಡಿಗಳು ತಡೆಯಿಲ್ಲದೆ ಹರಿದು, ಅಡ್ಡದಾರಿಯ ಮೇಲೆ ನೂರು ಟ್ರ್ಯಾಕ್ಟರುಗಳು ಒಂದೊಂದು ಹತ್ತು ಹತ್ತು ಮಿನಿಟು ನಿಂತವೆಂದು ಹಿಡಿಯೋಣ. ಸರಾಸರಿಯು ಅರ್ಧ ಮಿನಿಟಿಗೂ ಕಡಿಮೆಯೇ ಆಗುವದು. ಕಾಗದದ ಮೇಲೆ ಆ ಸಂಗಮವು ಉತ್ತಮವೆನಿಸಿಕೊಳ್ಳುವದು. ಇಷ್ಟೇ ಅಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು ೧೯೯೦ರಲ್ಲಿ ಪ್ರಕಟಿಸಿದ ಮಾನಗಳ ಪ್ರಕಾರ, ರಸ್ತೆಯನ್ನು ಆಕ್ರಮಿಸುವ ದೃಷ್ಟಿಯಿಂದ ಟ್ರಾಲಿಸಹಿತವಾದ ಟ್ರ್ಯಾಕ್ಟರೊಂದು ನಾಲ್ಕೂವರೆ ಕಾರುಗಳಿಗೆ ಸಮಾನ. ಎತ್ತಿನ ಗಾಡಿಯು ಎಂಟು ಕಾರುಗಳಿಗೆ ಸಮಾನ. ಹೀಗೆ ಅಡ್ಡಿಯನ್ನು ಎಣಿಸುವಾಗ ನಮ್ಮ ರೈತನ ಗಾಡಿಯು ನಾಲ್ಕೂವರೆ. ತೊಂದರೆಯನ್ನು ಎಣಿಸುವಾಗ ಅದು ಬರೇ ಒಂದು. ಈ ಅರ್ಧಜರತೀಯ ನ್ಯಾಯವನ್ನು ನಾವು ಒಪ್ಪಲಾರೆವು. ಟ್ರ್ಯಾಕ್ಟರಿನಲ್ಲಿ ನಿಂತಿರುವದು ಒಬ್ಬ ಚಾಲಕನಷ್ಟೇ ಅಲ್ಲ. ಒಂದು ಕುಟುಂಬದ ವರ್ಷದ ಬೆಳೆಯ ಒಂದು ಪಾಲು ಅಲ್ಲಿ ಬಿಸಿಲಿಗೆ ನಿಂತಿದೆ. ಕಡಿದ ಕಬ್ಬನ್ನು ಇಪ್ಪತ್ನಾಲ್ಕು ಗಂಟೆಗಳೊಳಗಾಗಿ ಅರೆಯಬೇಕೆಂಬುದು ತಜ್ಞರ ಮಾತು. ತಡವಾದಂತೆ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತ ಹೋಗುತ್ತವೆ. ತೂಗುವದು ಕಾರಖಾನೆಯ ಬಾಗಿಲಲ್ಲಿ. ಆದುದರಿಂದ ದಾರಿಯಲ್ಲಿ ಇಳಿದ ತೂಕವು ಬೆಳೆದವನ ಲುಕ್ಸಾನು.

ಈಗ ಒಂದೊಂದು ಮಾದರಿಯನ್ನು ನೋಡೋಣ. ಸಂಗಮವನ್ನೇ ಕಟ್ಟದೆ, ರಸ್ತೆಗಳನ್ನು ಸಮತಲದಲ್ಲಿಯೇ ಹಾಯಿಸಿ ಕೆಂಪುಹಸಿರು ದೀಪಗಳನ್ನು ನಿಲ್ಲಿಸುವದು ಎಲ್ಲಕ್ಕೂ ಅಗ್ಗ. ಅದರ ಫಲವನ್ನು ಸಣ್ಣದೊಂದು ಲೆಕ್ಕದಿಂದ ತೋರಿಸುವೆವು. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವುಗಳೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ದೀಪದ ಒಂದು ಸುತ್ತು ಎರಡು ಮಿನಿಟು. ಅದರಲ್ಲಿ ಹೆದ್ದಾರಿಗೆ ಎಂಬತ್ತು ಸೆಕೆಂಡು, ಅಡ್ಡದಾರಿಗೆ ನಾಲ್ವತ್ತು. ಕಾರೊಂದು ಗೆರೆಯನ್ನು ದಾಟಲು ಎರಡು ಸೆಕೆಂಡು ಸಾಕು. ನಾಲ್ಕೂವರೆ ಪಟ್ಟಿನ ಟ್ರ್ಯಾಕ್ಟರಿಗೆ ಒಂಬತ್ತು ಬೇಕು. ಹಸಿರು ದೀಪವು ಉರಿಯುವಷ್ಟರಲ್ಲಿ ಒಂದು ಸಾಲಿನಿಂದ ನಾಲ್ಕು ಟ್ರ್ಯಾಕ್ಟರುಗಳು ದಾಟಿ ಐದನೆಯದರ ಮೂಗು ಗೆರೆಗೆ ಬಂದಿರುವದು. ಗಂಟೆಗೆ ಮೂವತ್ತು ಸುತ್ತು. ದಾಟುವವು ಸುಮಾರು ೧೩೩. ಬರುವವು ೧೫೦ ಎಂದಾದರೆ ಪ್ರತಿ ಗಂಟೆಗೆ ಹದಿನೇಳು ಉಳಿಯುವವು. ಆರು ಗಂಟೆಗಳಲ್ಲಿ ಉಳಿದವು ನೂರಾದವು. ಒಂದೊಂದು ಇಪ್ಪತ್ತು ಮೀಟರು ಉದ್ದವೆಂದರೆ ಎರಡು ಕಿಲೋಮೀಟರಿನ ಸಾಲಾಯಿತು. ಬರುವ ಗಾಡಿಗಳು ದಾಟುವ ಗಾಡಿಗಳಿಗಿಂತ ಎಂಟರಲ್ಲೊಂದು ಪಾಲು ಹೆಚ್ಚಾದದ್ದಕ್ಕೆ ಇಷ್ಟು ಪರಿಣಾಮ. ವಿಳಂಬದ ಸ್ವಭಾವವೇ ಹೀಗೆ; ದಾರಿಯ ಶಕ್ತಿಯು ಮುಗಿಯುವವರೆಗೆ ಅದು ಮೆಲ್ಲಗೆ ಏರುತ್ತದೆ, ಮುಗಿದ ಕೂಡಲೆ ನದಿಯ ಮಹಾಪೂರದಂತೆ ಏರುತ್ತದೆ. ನಾಲ್ಕು ದಾರಿಗಳು ಸಮತಲದಲ್ಲಿ ಕೂಡುವಲ್ಲಿ ಗಾಡಿಗಾಡಿಗಳು ಒಂದನ್ನೊಂದು ಎದುರಿಸತಕ್ಕ ಸ್ಥಾನಗಳು ಮೂವತ್ತೆರಡು ಎಂದು ಎಣಿಸಿದ್ದಾರೆ. ನೂರು ಕಿಲೋಮೀಟರಿನ ವೇಗದಿಂದ ಬರುವ ಕಾರು ನಿಲ್ಲಲು ೧೮೦ ಮೀಟರು ಬೇಕು. ಆರು ಪಥದ ಹೆದ್ದಾರಿಯ ಮೇಲೆ ಇಂಥ ಕೂಟವನ್ನು ಉಳಿಸುವದು ಅವಿಚಾರವೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ತುದಿಯಲ್ಲಿ, ಚಿತ್ರದಲ್ಲಿ ಬಹಳ ಚೆಲುವಾಗಿ ಕಾಣುವ ಕ್ಲೋವರ್‌ಲೀಫ್ ಇದೆ. ನಾಲ್ಕು ಎಸಳುಗಳ ಹೂವಿನಂತಿರುವ ಇದನ್ನು ಚತುರ್ದಳವೆನ್ನೋಣ. ಅಮೇರಿಕದ ಮೇರಿಲ್ಯಾಂಡಿನ ಆರ್ಥರ್ ಹೇಲ್ ಎಂಬ ಇಂಜಿನಿಯರನು ೧೯೧೬ರಲ್ಲಿ ಇದರ ಪೇಟೆಂಟನ್ನು ಪಡೆದನು. ಆ ದೇಶದಲ್ಲಿ ಮೊದಲನೆಯದು ೧೯೨೯ರಲ್ಲಿ ನ್ಯೂಜರ್ಸಿಯ ವುಡ್‌ಬ್ರಿಜ್ ಎಂಬಲ್ಲಿ ತೆರೆಯಿತು. ಎಡಗಡೆಯಿಂದ ನಡೆಯುವ ನಮ್ಮ ಪದ್ಧತಿಯಲ್ಲಿ ಕಷ್ಟವಾದ ತಿರುವು ಬಲಕ್ಕೆ ತಿರುಗುವದು. ಚತುರ್ದಳದಲ್ಲಿ ಬಲಕ್ಕೆ ಹೋಗತಕ್ಕವನು ಮೊದಲು ಸೇತುವೆಯನ್ನು ಹಾಯ್ದು, ಅನಂತರ ಎಡಕ್ಕೆ ತಿರುಗುತ್ತ ತಿರುಗುತ್ತ ಮುಕ್ಕಾಲು ಪ್ರದಕ್ಷಿಣೆ ಮಾಡಿ ತನ್ನ ದಿಕ್ಕನ್ನು ಹಿಡಿಯುತ್ತಾನೆ. ಎಲ್ಲಿಯೂ ದೀಪವಿಲ್ಲ, ಎಲ್ಲಿಯೂ ನಿಲುಗಡೆಯಿಲ್ಲ. ಈ ಗುಣವನ್ನು ನಾವು ಒಪ್ಪುವೆವು. ಆದರೆ ಅದರ ಗುಟ್ಟಾದ ದೋಷವು ಎರಡು ಎಸಳುಗಳ ನಡುವಿನ ನೂರೈವತ್ತು ಇನ್ನೂರು ಮೀಟರುಗಳಲ್ಲಿದೆ. ಒಂದು ಎಸಳಿನಿಂದ ಹೆದ್ದಾರಿಗೆ ಬರುವವರೂ, ಹೆದ್ದಾರಿಯಿಂದ ಮುಂದಿನ ಎಸಳಿಗೆ ಹೋಗುವವರೂ ಅದೇ ಗೇಣು ಜಾಗದಲ್ಲಿ ಒಬ್ಬರನ್ನೊಬ್ಬರು ಹಾಯಬೇಕು. ಮಗ್ಗದ ಎಳೆಗಳಂತೆ ಹೆಣೆದುಕೊಳ್ಳುವ ಈ ಚಲನೆಗೆ ನೇಯ್ಗೆಯೆಂದೇ ತಜ್ಞರ ಹೆಸರು. ಸಮವೇಗದ ಕಾರುಗಳು ಹೇಗೋ ನೇಯ್ದುಕೊಳ್ಳುವವು. ನಮ್ಮ ಟ್ರ್ಯಾಕ್ಟರಿನ ಗತಿಯೇನು? ಇನ್ನೂರು ಮೀಟರನ್ನು ಅದು ಸವೆಯಿಸಲು ೪೮ ಸೆಕೆಂಡು ಬೇಕು. ಅರ್ಧ ಕಿಲೋಮೀಟರು ಹಿಂದೆ ಇದ್ದ ನೂರರ ವೇಗದ ಕಾರು ಇಪ್ಪತ್ತೊಂದು ಸೆಕೆಂಡುಗಳಲ್ಲಿ ಅದರ ಬೆನ್ನಿಗೆ ಬಂದಿರುತ್ತದೆ. ಹಿಂಬದಿಯ ದೀಪವಿಲ್ಲದ, ಕಬ್ಬಿನ ಸೋಗೆಯಿಂದ ಮುಚ್ಚಿದ ಟ್ರಾಲಿಯು ರಾತ್ರಿಯ ಮಂಜಿನಲ್ಲಿ ಆ ಚಾಲಕನಿಗೆ ಎಷ್ಟು ದೂರದಿಂದ ಕಂಡೀತೆಂಬುದನ್ನು ಊಹಿಸಿ ನೋಡಬಹುದು. ವಿಳಂಬವನ್ನು ಉಳಿಸುವೆನೆಂದು ಹೋಗಿ ಪ್ರಾಣವನ್ನು ಒತ್ತೆಯಿಡುವ ರಚನೆಯಿದು.

ಭೂಮಿಯ ಮಾತೂ ಇದೆ. ಎಸಳಿನ ತ್ರಿಜ್ಯವು ಐವತ್ತು ಮೀಟರೆಂದರೆ ಒಂದೊಂದು ಸುತ್ತಿನೊಳಗೆ ಸುಮಾರು ಎರಡೆಕರೆಯಂತೆ ನಾಲ್ಕರಲ್ಲಿ ಎಂಟೆಕರೆ ಸಿಕ್ಕಿಬೀಳುತ್ತದೆ. ಹೊರಗಿನ ಕೂಡುದಾರಿಗಳನ್ನೂ ಹಿಡಿದು ನಾಲ್ಕು ನೂರು ಮೀಟರಿನ ಚೌಕವೆಂದರೆ ಸುಮಾರು ನಾಲ್ವತ್ತು ಎಕರೆ. ನದಿಯ ನೀರುಂಡ ಕಪ್ಪು ಭೂಮಿಯ ನಾಲ್ವತ್ತು ಎಕರೆ ಎಂದರೆ ನಮ್ಮಲ್ಲಿ ಹತ್ತು ಇಪ್ಪತ್ತು ಮನೆಗಳ ಅನ್ನ. ಕಾಯಿದೆಯ ಪ್ರಕಾರ ಪರಿಹಾರವು ದೊರೆಯುವದು, ನಿಜ. ಆದರೆ ರೊಕ್ಕವು ಮೂರು ವರ್ಷದಲ್ಲಿ ಕರಗುವದನ್ನೂ ಹೊಲವು ಮೂರು ತಲೆ ಉಣಿಸುವದನ್ನೂ ನೋಡದವರು ಯಾರು?

ಇನ್ನು ವಿನೋದದ ಸಂಗತಿಯೇನೆಂದರೆ, ಆ ವುಡ್‌ಬ್ರಿಜ್ಜಿನ ಆದಿಚತುರ್ದಳವು ಈಗ ಇಲ್ಲ! ಎಸಳುಗಳನ್ನು ಕಿತ್ತು ಅಲ್ಲಿಯವರೇ ಸಾದಾ ವಜ್ರಾಕೃತಿಯ ಸಂಗಮವನ್ನು ಕಟ್ಟಿಕೊಂಡಿದ್ದಾರೆ. ಅವರು ಬಿಟ್ಟ ವೇಷವನ್ನು ನಾವು ಹಬ್ಬಕ್ಕೆ ಧರಿಸಬೇಕೆನ್ನುವದು ಗಡ್ಡರಿಕಾಪ್ರವಾಹವಲ್ಲದೆ ಮತ್ತೇನು? ಅಷ್ಟು ದೂರ ಹೋಗುವದೂ ಬೇಡ. ೨೦೦೩ರಲ್ಲಿ ತೆರೆದ ಬೆಂಗಳೂರಿನ ಹೆಬ್ಬಾಳದ ಸಂಗಮವನ್ನು ಅದರ ಕಾಲದಲ್ಲಿ ಎಲ್ಲರೂ ಹೊಗಳಿದರು. ಹಲವು ದಿಕ್ಕುಗಳಿಂದ ಬರುವ ಏರುದಾರಿಗಳು ನಗರದ ಕಡೆಗೆ ಕಡಿಮೆ ಪಥಗಳಲ್ಲಿ ಒಮ್ಮೆಗೇ ಹೊಕ್ಕುವದರಿಂದ ಮುಂಜಾನೆಯ ಹೊತ್ತು ಅಲ್ಲಿ ಸೇತುವೆಯ ಮೇಲೆಯೇ ಸಾಲು ನಿಲ್ಲುವದು ಊರಿಗೆಲ್ಲ ಗೊತ್ತು. ಬಳಿಕ ಅದಕ್ಕೆ ಮತ್ತೆ ಮತ್ತೆ ಹೊಸ ತೋಳುಗಳನ್ನು ಕೂಡಿಸಬೇಕಾಗಿ ಬಂದಿತು. ಸಂಗಮದ ಶಕ್ತಿಯು ಅದರ ಸುತ್ತುಗಳ ಸಂಖ್ಯೆಯಲ್ಲಿರದೆ, ಅವುಗಳು ಕೊನೆಗೆ ಕೂಡುವ ಕುತ್ತಿಗೆಯ ಅಗಲದಲ್ಲಿರುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯು ಬೇಡ.

ಮೂರೇ ದಾರಿಗಳು ಕೂಡುವಲ್ಲಿ ಕಹಳೆಯ ಆಕಾರದ ಸಂಗಮವು ಸರಿಯಾದೀತು; ಒಂದು ಹೆದ್ದಾರಿಯು ಮತ್ತೊಂದರಲ್ಲಿ ಕೊನೆಗಾಣುವ ಸಂಕೇಶ್ವರದ ಕಡೆಗೆ ಅದರ ವಿಚಾರವನ್ನು ಮಾಡಬಹುದು. ಅದರಲ್ಲಿ ಸುತ್ತು ಒಂದೇ, ನೇಯ್ಗೆಯಿಲ್ಲ. ಹಳ್ಳಿಯ ಅಡ್ಡದಾರಿಗೆ ಮಾತ್ರ ಅದು ಹೊಂದುವದಿಲ್ಲ.

ಇತ್ತೀಚೆಗೆ ಬಲ್ಲವರ ಬಾಯಲ್ಲಿ ಬಹಳವಾಗಿ ಕೇಳಬರುತ್ತಿರುವದು ವ್ಯತ್ಯಸ್ತ ವಜ್ರ. ಇದರಲ್ಲಿ ಅಡ್ಡದಾರಿಯ ಸಂಚಾರವು ಸೇತುವೆಯ ಮೇಲೆ ಹೋಗುವಷ್ಟು ದೂರ ತನ್ನ ಎಡಬದಿಯನ್ನು ಬಿಟ್ಟು ಬಲಬದಿಗೆ ದಾಟಿಕೊಳ್ಳುತ್ತದೆ. ಇದರಿಂದ ಬಲತಿರುವಿನವರಿಗೆ ಎದುರಿನ ಪ್ರವಾಹವು ಅಡ್ಡ ಬರುವದೇ ಇಲ್ಲ. ಫ್ರಾನ್ಸಿನ ವರ್ಸೇಯ್ ಪಟ್ಟಣದಲ್ಲಿ ೧೯೭೦ರ ದಶಕದಲ್ಲಿಯೇ ಇಂಥದೊಂದು ಇದ್ದಿತಾದರೂ, ಅಮೇರಿಕದಲ್ಲಿ ಮೊದಲನೆಯದು ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ೨೦೦೯ರ ಜೂನಿನಲ್ಲಿ ತೆರೆಯಿತು. ಸಾದಾ ವಜ್ರದಲ್ಲಿ ಇಪ್ಪತ್ತಾರಿರುವ ಎದುರುಬದುರಿನ ಸ್ಥಾನಗಳು ಇದರಲ್ಲಿ ಹದಿನಾಲ್ಕಕ್ಕೆ ಇಳಿಯುತ್ತವೆ, ದೀಪದ ಸುತ್ತು ಚಿಕ್ಕದಾಗುತ್ತದೆ, ವಿಳಂಬವು ಕಡಿಮೆಯಾಗುತ್ತದೆ. ಬುದ್ಧಿಯ ಕೆಲಸವಿದೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ದೀಪಗಳನ್ನೂ, ದಾರಿಯ ಮೇಲೆ ಬರೆದ ಗೆರೆಗಳನ್ನೂ ನಂಬಿ ನಿಂತ ರಚನೆಯು. ವಿದ್ಯುತ್ತು ಹೋದ ರಾತ್ರಿ, ಧೂಳು ಕವಿದ ಗೆರೆಗಳ ಮೇಲೆ, ಹದಿನೆಂಟು ಗಂಟೆ ಗಾಡಿ ನಡೆಯಿಸಿ ಕಣ್ಣು ಕೂರುತ್ತಿರುವ ಟ್ರ್ಯಾಕ್ಟರಿನ ಹುಡುಗನು ತನ್ನ ಬದಿಯನ್ನು ತಾನಾಗಿ ಬದಲಿಸಿಕೊಳ್ಳಬೇಕೆಂದರೆ ನಮ್ಮ ಎದೆ ನಡುಗುತ್ತದೆ. ಇದನ್ನು ಮೊದಲು ದೊಡ್ಡ ನಗರಗಳಲ್ಲಿ ಪ್ರಯೋಗಿಸಿ ನೋಡಲಿ.

ನಮ್ಮ ತಾಲೂಕುಗಳಿಗೆ ಹೊಂದತಕ್ಕದ್ದು ಜೋಡುವೃತ್ತದ ವಜ್ರವೆಂದು ನಮ್ಮ ಅಭಿಪ್ರಾಯವು. ವಜ್ರವೆಂದರೆ ಹೆದ್ದಾರಿಯ ಇಕ್ಕೆಲಗಳಿಂದ ಒಂದೊಂದು ಇಳಿದಾರಿ, ಒಂದೊಂದು ಏರುದಾರಿ ಓರೆಯಾಗಿ ಅಡ್ಡದಾರಿಯನ್ನು ಮುಟ್ಟುವ ರಚನೆ. ಹೆದ್ದಾರಿಯ ನೇರ ಪ್ರವಾಹವು ಅಡ್ಡದಾರಿಯನ್ನು ಕಾಣುವದೇ ಇಲ್ಲ. ಆ ಕೂಡುದಾರಿಗಳು ಅಡ್ಡದಾರಿಯನ್ನು ಮುಟ್ಟುವ ಎರಡು ಸ್ಥಳಗಳಲ್ಲಿ ದೀಪಗಳ ಬದಲು ಒಂದೊಂದು ವೃತ್ತವನ್ನು ಕಟ್ಟುವದು. ವೃತ್ತದೊಳಗಿದ್ದವನಿಗೆ ಒಳಗೆ ಬರುವವನು ದಾರಿ ಬಿಡಬೇಕೆಂಬ ಒಂದೇ ನಿಯಮ. ಇಂಗ್ಲಂಡದಲ್ಲಿ ೧೯೬೬ರಲ್ಲಿ ಈ ನಿಯಮವು ಬಂದ ಮೇಲೆಯೇ ವೃತ್ತಗಳು ತಮ್ಮಲ್ಲಿ ತಾವೇ ಸಿಕ್ಕಿಬೀಳುವ ರೋಗದಿಂದ ಪಾರಾದವು. ನಾಲ್ಕು ದಾರಿಗಳ ಸಾದಾ ವೃತ್ತದಲ್ಲಿ ಎದುರುಬದುರಿನ ಸ್ಥಾನಗಳು ಮೂವತ್ತೆರಡರಿಂದ ಎಂಟಕ್ಕೆ ಇಳಿಯುತ್ತವೆ. ಅದೂ ಅಲ್ಲದೆ ಎಲ್ಲರೂ ಒಂದೇ ದಿಕ್ಕಿಗೆ, ನಿಧಾನವಾಗಿ ತಿರುಗುವದರಿಂದ ಆದ ಅಪಘಾತವೂ ಪ್ರಾಣಕ್ಕೆ ಬರುವದು ಕಡಿಮೆ. ಟ್ರ್ಯಾಕ್ಟರಿನ ನಡೆಯೂ ಕಾರಿನ ನಡೆಯೂ ಹೆಚ್ಚು ಕಡಿಮೆ ಸಮವಾಗುವ ಸ್ಥಳವು ರಸ್ತೆಯ ಮೇಲೆ ಇದೊಂದೇ. ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲದಾಗ ಕೆಂಪು ದೀಪದ ಮುಂದೆ ಸುಮ್ಮನೆ ನಿಲ್ಲುವ ಪ್ರಸಂಗವಿಲ್ಲ; ವಿದ್ಯುತ್ತು ಹೋದರೂ ವೃತ್ತವು ಕೆಡುವದಿಲ್ಲ. ಭೂಮಿಯು ಚತುರ್ದಳಕ್ಕೆ ಬೇಕಾಗುವದರ ಮೂರರಲ್ಲೊಂದು ಪಾಲಿನಷ್ಟರಲ್ಲಿ ಮುಗಿಯಬಹುದು. ಅಮೇರಿಕದ ಇಂಡಿಯಾನಾ ಪ್ರಾಂತದ ಕಾರ್ಮೆಲ್ ಎಂಬ ಊರಿನವರು ತಮ್ಮ ನಡುವೆ ಹಾಯುವ ಕೀಸ್ಟೋನ್ ರಸ್ತೆಯ ದೀಪಗಳನ್ನು ಕಿತ್ತು, ಅದನ್ನು ತಗ್ಗಿಸಿ, ಮೇಲಿನ ಅಡ್ಡದಾರಿಗಳಿಗೆ ಇಂಥ ವೃತ್ತಗಳನ್ನೇ ಕಟ್ಟಿ ಸುಖವಾಗಿದ್ದಾರೆ.

ಇದಕ್ಕೆ ಆಕ್ಷೇಪಗಳುಂಟು. ಎರಡು ಟ್ರಾಲಿಯ ಟ್ರ್ಯಾಕ್ಟರು ವೃತ್ತದಲ್ಲಿ ತಿರುಗೀತೇ ಎಂದು ಕೇಳುವವರಿದ್ದಾರೆ. ಊರೊಳಗೆ ಪುತ್ಥಳಿಯ ಸುತ್ತ ಕಟ್ಟಿದ ನಾಲ್ಕು ಮೊಳದ ಕಟ್ಟೆಯನ್ನು ವೃತ್ತವೆಂದು ತಿಳಿದರೆ ಈ ಸಂಶಯವು ಸಹಜವೇ. ನಾವು ಹೇಳುವ ವೃತ್ತದ ಹೊರ ಅಡ್ಡಳತೆಯು ನಾಲ್ವತ್ತೈದು ಐವತ್ತು ಮೀಟರು ಇರಬೇಕು. ನಡುವಿನ ದಿಬ್ಬದ ಸುತ್ತ ಹಿಂದಿನ ಟ್ರಾಲಿಯ ಗಾಲಿಯು ಹತ್ತಿ ಇಳಿಯಬಹುದಾದ ಕಲ್ಲುಹಾಸಿನ ಅಂಚು ಇರಬೇಕು. ಹೊರೆಯು ವಾಲದಂತೆ ಹಾಸಿನ ಓರೆಯನ್ನು ಜಾಗರೂಕತೆಯಿಂದ ಕಾಯಬೇಕು. ಇನ್ನು ದಾರಿ ಬಿಡುವ ನಿಯಮವನ್ನು ನಮ್ಮ ಜನರು ಪಾಲಿಸಲಾರರೆಂಬ ಮಾತು. ಇದನ್ನು ಪೂರ್ಣವಾಗಿ ಸುಳ್ಳೆನ್ನುವ ಧೈರ್ಯವು ನಮಗಿಲ್ಲ. ಆದರೆ ಕೆಂಪು ದೀಪವನ್ನೂ ಪಾಲಿಸದವನು ವೃತ್ತದಲ್ಲಿ ನಿಧಾನವಾಗಿ ತಪ್ಪುತ್ತಾನೆ, ದೀಪದಲ್ಲಿ ವೇಗವಾಗಿ ತಪ್ಪುತ್ತಾನೆ; ಎರಡರಲ್ಲಿ ಯಾವುದು ಮೇಲೆಂಬುದನ್ನು ಆಸ್ಪತ್ರೆಯವರನ್ನು ಕೇಳಬೇಕು. ಸಂಚಾರವು ಬಹಳ ಹೆಚ್ಚಿದರೆ ವೃತ್ತವೂ ತುಂಬಿಹೋಗುವದೆಂಬುದು ನಿಜ. ಒಂದು ಪಥದ ವೃತ್ತವು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಸಾವಿರ ಗಾಡಿಗಳನ್ನು ತಾಳಬಲ್ಲದು. ನಮ್ಮ ಅಡ್ಡದಾರಿಗಳಲ್ಲಿ ಹೆಚ್ಚಿನವು ಆ ಮಿತಿಯನ್ನು ಮುಟ್ಟುವ ಕಾಲವು ದೂರವಿದೆ. ನಿಪ್ಪಾಣಿಯಂಥ ಸ್ಥಳದಲ್ಲಿ ಎರಡು ಪಥದ ವೃತ್ತಕ್ಕೆ ಈಗಲೇ ಜಾಗವನ್ನು ಬಿಟ್ಟರಾಯಿತು.

ಆದರೆ ಈ ಎಲ್ಲವುಗಳಿಗಿಂತ ನಾವು ಹೆಚ್ಚಾಗಿ ಅಂಜುವದು ಏನನ್ನೂ ಕೂಡಿಸದೆ ಬರೇ ಒಂದು ಕೆಳಸೇತುವೆಯನ್ನು ಕೊಟ್ಟು ಕೈತೊಳೆದುಕೊಳ್ಳುವ ಉಪಾಯಕ್ಕೆ. ಕೆಳಸೇತುವೆಯು ದಾಟುವವನಿಗೆ ಸಾಕು. ಹೆದ್ದಾರಿಯನ್ನು ಹಿಡಿಯಬೇಕಾದವನಿಗೆ ಸಾಲದು. ಅವನು ಎರಡು ಕಿಲೋಮೀಟರು ತಿರುಗುಮುರುಗಾಗಿ ಹೋಗಿ, ಅಷ್ಟೇ ದೂರ ಹಿಂದಿರುಗಬೇಕೆಂದರೆ ಟ್ರ್ಯಾಕ್ಟರಿಗೆ ಹದಿನಾರು ಮಿನಿಟು, ಮೇಲೆ ಎಣ್ಣೆಯ ಖರ್ಚು. ಆಗ ಅವನು ಹೆದ್ದಾರಿಯ ಅಂಚಿನಲ್ಲಿ ಎದುರುದಿಕ್ಕಿಗೆ ನುಗ್ಗುತ್ತಾನೆ. ಈ ಎದುರುಸಂಚಾರವನ್ನು ನಾವು ಎಂದಿಗೂ ಸಮರ್ಥಿಸುವವರಲ್ಲ. ಆದರೆ ದಂಡ ವಿಧಿಸುವ ಅಧಿಕಾರಿಗಳು ಒಮ್ಮೆಯಾದರೂ ಆ ಹದಿನಾರು ಮಿನಿಟುಗಳನ್ನು ಎಣಿಸಲಿ. ಸಂಗಮದಿಂದ ಸಂಗಮಕ್ಕೆ ಹೆದ್ದಾರಿಯ ಎರಡೂ ಬದಿಗಳಲ್ಲಿ ತುಂಡಾಗದ ಸೇವಾರಸ್ತೆಯಿದ್ದರೆ, ಹಳ್ಳದ ಮೇಲೆಯೂ ಅದಕ್ಕೆ ಬೇರೆ ಸೇತುವೆಯಿದ್ದರೆ, ಟ್ರ್ಯಾಕ್ಟರು ಹೆದ್ದಾರಿಯ ಮೇಲೆ ಕಾಲಿಡುವ ಪ್ರಮೇಯವೇ ಇಲ್ಲ. ಕಬ್ಬಿನ ಹೊರೆಗೆ ಸಾಕಾಗುವಷ್ಟು ಎತ್ತರ, ನಿಪ್ಪಾಣಿಯ ತಂಬಾಕಿನ ಕಾರಖಾನೆಗಳಿಗೆ ನಸುಕಿನಲ್ಲಿ ನಡೆದುಹೋಗುವ ಹೆಣ್ಣುಮಕ್ಕಳಿಗೆ ದೀಪವಿರುವ ಕಾಲುದಾರಿ, ಇವು ಕೆಳಸೇತುವೆಯ ನಕಾಶೆಯಲ್ಲಿಯೇ ಇರತಕ್ಕವು.

ನೀರಿನ ಸಂಗತಿಯನ್ನು ಹೇಳದೆ ಈ ವಿಷಯವು ಪೂರ್ತಿಯಾಗಲಾರದು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ನಿಪ್ಪಾಣಿಯ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆಯು ಹೆದ್ದಾರಿಯ ಮೇಲೇರಿ ಸಂಚಾರವು ನಿಂತುಹೋಯಿತು. ಸಾವಿರಾರು ಲಾರಿಗಳ ವಿಳಂಬವನ್ನು ಆಗ ಸೆಕೆಂಡುಗಳಿಂದ ಎಣಿಸುವ ಪ್ರಸಂಗವಿರಲಿಲ್ಲ, ದಿನಗಳಿಂದ ಎಣಿಸಬೇಕಾಯಿತು. ಮಣ್ಣಿನ ಏರಿಯ ಮೇಲೆ ಸಂಗಮಗಳನ್ನು ಕಟ್ಟುವದೆಂದರೆ ನದೀಬಯಲಿನಲ್ಲಿ ಅಡ್ಡಗಟ್ಟೆಯನ್ನು ಹಾಕಿದಂತೆ. ನೀರು ಮೇಲ್ಗಡೆಯ ಹೊಲಗಳಲ್ಲಿ ನಿಲ್ಲುವದು, ಕೆಳಸೇತುವೆಗಳು ಕೆರೆಗಳಾಗುವವು. ಆದುದರಿಂದ ನದಿಗಳ ಸಮೀಪದಲ್ಲಿ ಏರುದಾರಿಗಳನ್ನು ಮಣ್ಣಿನ ಬದಲು ಕಂಬಗಳ ಮೇಲೆ ನಿಲ್ಲಿಸುವ ಖರ್ಚನ್ನು ಸರಕಾರವು ಸಹಿಸಲೇಬೇಕು.

ಒಳನಾಡಿನ ದಾರಿಗಳ ಸ್ಥಿತಿಯೂ ಇದಕ್ಕೆ ಸೇರಿದ್ದು. ಮಿರಜಿಯಿಂದ ಕಾಗವಾಡದ ಮೇಲೆ ಅಥಣಿಗೆ, ಅಲ್ಲಿಂದ ವಿಜಯಪುರಕ್ಕೆ ಹೋಗುವ ರಸ್ತೆಯ ಮೇಲೆಯೂ, ಚಿಕ್ಕೋಡಿಯ ಪೇಟೆಯಲ್ಲಿ ರಸ್ತೆಗಳು ಕೂಡುವಲ್ಲಿಯೂ ಮೇಲ್ಸೇತುವೆಗಳ ಕನಸನ್ನು ಕೆಲವರು ಕಾಣುತ್ತಿರುವರು. ಅಲ್ಲಿ ಮೊದಲು ಬೇಕಾದದ್ದು ಸರಿಯಾದ ಅಳತೆಯ ಸಮತಲ ವೃತ್ತ. ಅದರ ಹತ್ತರಲ್ಲೊಂದು ಖರ್ಚಿನಲ್ಲಿ ಆಗತಕ್ಕ ಕೆಲಸ. ಅಥಣಿ ಕಾಗವಾಡಗಳ ರೋಗಿಯನ್ನು ಮಿರಜಿಯ ಆಸ್ಪತ್ರೆಗೆ ಒಯ್ಯುವ ಗಾಡಿಯು ಕಬ್ಬಿನ ಸಾಲಿನ ಹಿಂದೆ ಸಿಕ್ಕಿಬೀಳುವದು ಹಂಗಾಮಿನಲ್ಲಿ ಹೊ‌ಸ ಸುದ್ದಿಯೇ ಅಲ್ಲ. ರಾಯಬಾಗದ ರೇಲ್ವೆ ದಾರಿಯನ್ನು ಹಾಯುವ ರಸ್ತೆಗಳಿಗೆ ಮಾತ್ರ ಸೇತುವೆಗೆ ಬದಲಿಲ್ಲ. ರೈಲಿಗೆ ವೃತ್ತವನ್ನು ಕಟ್ಟಲು ಬರುವದಿಲ್ಲವಷ್ಟೆ.

ಈ ಹೆದ್ದಾರಿಗೂ ಇಲ್ಲಿಯ ರೈತನಿಗೂ ಇರುವ ಸಂಬಂಧವು ಇಂದಿನದಲ್ಲ. ೧೯೮೧ರ ಮಾರ್ಚ-ಎಪ್ರಿಲ ತಿಂಗಳುಗಳಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ವಾರಗಟ್ಟಲೆ ಇದೇ ಮಾರ್ಗದ ಮೇಲೆ ಕುಳಿತರು. ಅದು ಗೋಳೀಬಾರಿನಲ್ಲಿ ಮುಗಿದು ಹಲವರು ಪ್ರಾಣವನ್ನು ತೆತ್ತರು. ತಮ್ಮ ಮಾತನ್ನು ಕೇಳಿಸಲು ರಸ್ತೆಯನ್ನು ತಡೆಯುವದೊಂದೇ ಉಪಾಯವೆಂದು ರೈತರಿಗೆ ಮತ್ತೆ ಅನಿಸಗೊಡಬಾರದು. ಮಾತನ್ನು ಕೇಳುವ ಹೊತ್ತು ನಕಾಶೆಯು ಮೇಜಿನ ಮೇಲಿರುವಾಗಲೇ ಇರುತ್ತದೆ.

ಆದುದರಿಂದ ಹೆದ್ದಾರಿ ಪ್ರಾಧಿಕಾರದವರಲ್ಲಿಯೂ ನಮ್ಮ ಲೋಕಪ್ರತಿನಿಧಿಗಳಲ್ಲಿಯೂ ನಮ್ಮ ಬೇಡಿಕೆಯು ಇಷ್ಟು. ಸಂಚಾರದ ಎಣಿಕೆಯನ್ನು ಏಳು ದಿನ ಹಗಲಿರುಳು ಮಾಡುವ ಪದ್ಧತಿಯಿದೆ. ಆ ಏಳು ದಿನಗಳು ಜೂನದಲ್ಲಿ ಬಿದ್ದರೆ ಕಬ್ಬಿನ ಗಾಡಿಯು ಒಂದೂ ಎಣಿಕೆಗೆ ಸಿಗುವದಿಲ್ಲ. ಎಣಿಕೆಯನ್ನು ಡಿಸೆಂಬರ ಜಾನೇವಾರಿಯಲ್ಲಿ ಮಾಡಬೇಕು. ಪ್ರತಿಯೊಂದು ಕೂಟದಲ್ಲಿ ನೇರ ಹೋಗುವವರ ವಿಳಂಬವನ್ನೂ ತಿರುಗುವವರ ವಿಳಂಬವನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಟ್ರ್ಯಾಕ್ಟರನ್ನು ಅಡ್ಡಿಯಲ್ಲಿ ನಾಲ್ಕೂವರೆಯೆಂದು ಎಣಿಸಿದವರು ತೊಂದರೆಯಲ್ಲಿಯೂ ನಾಲ್ಕೂವರೆಯೆಂದೇ ಎಣಿಸಬೇಕು. ಆ ಪಟ್ಟಿಯನ್ನೂ, ಆರಿಸಿದ ಸಂಗಮದ ನಕಾಶೆಯನ್ನೂ, ಅದಕ್ಕೆ ಹೋಗುವ ಎಕರೆಗಳ ಲೆಕ್ಕವನ್ನೂ ಕನ್ನಡದಲ್ಲಿ ಬರೆದು ಆಯಾ ಗ್ರಾಮಪಂಚಾಯತಿಯ ಗೋಡೆಗೆ ಹಚ್ಚಬೇಕು. ಕಲ್ಲು ನೆಡುವದಕ್ಕೆ ಮೊದಲು ಒಂದು ತಿಂಗಳ ಅವಧಿಯನ್ನು ಜನರಿಗೆ ಕೊಡಬೇಕು. ಕೊಗನೋಳಿಯಿಂದ ಸಂಕೇಶ್ವರದವರೆಗಿನ ಕೂಟಗಳ ಮಟ್ಟಿಗೆ ಹಾಗೆ ಪ್ರಕಟವಾದ ಅಂಕಿಗಳು ನಮ್ಮ ಕೈಸೇರಿದರೆ ಅವುಗಳನ್ನು ಇದೇ ಪುಟದಲ್ಲಿ, ಊರೂರಿನ ಹೆಸರಿನೊಡನೆ, ಪೂರ್ತಿಯಾಗಿ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.